ಇಂಥವರಿಗೇ ಓಟು ಹಾಕಿ ಎಂದು ಫಾದರ್ ಹೇಳಬಹುದೇ?

ಚುನಾವಣೆ ಘೋಷಣೆಯಾದರೆ ಸಾಕು, ದಾವಣಗೆರೆಯ ನನ್ನ ವಕೀಲಿ ಕಚೇರಿಗೆ ಚರ್ಚುಗಳ ಕಡೆಯವರು ಬಂದು ಕೇಳುತ್ತಾರೆ: ಭಾನುವಾರದ ಪ್ರಬೋಧನೆಯಲ್ಲಿ ಓಟಿನ ವಿಷಯ ಎತ್ತಬಹುದೇ? ಎತ್ತಲೇಬೇಕು ಎನ್ನುತ್ತೇನೆ. ದುಡ್ಡು ತಗೊಂಡು ಓಟು ಹಾಕಬೇಡಿ, ಬಡವರ ಪರ ಯಾರು ನಿಲ್ಲುತ್ತಾರೆ ನೋಡಿ, ಪ್ರಾರ್ಥಿಸಿ ತೀರ್ಮಾನಿಸಿ. ಇದೆಲ್ಲ ಧರ್ಮಗುರುವಿನ ಕೆಲಸವೇ. ಅಭ್ಯರ್ಥಿ, ಪಕ್ಷ, ಚಿಹ್ನೆ ಬಾಯಿಗೆ ಬರುವ ಮುಂಚೆ ಮಾತ್ರ ಮಾತು ನಿಲ್ಲಬೇಕು.

‘ಮಠದ ಸ್ವಾಮಿಗಳು ಹೇಳ್ತಾರಲ್ಲ ಸಾರ್, ನಮ್ಮ ಫಾದರ್ ಯಾಕೆ ಹೇಳಬಾರದು?’ ಎಂಬ ಮರುಪ್ರಶ್ನೆ ತಪ್ಪದೇ ಬರುತ್ತದೆ. ಸಿರಿಗೆರೆ, ಚಿತ್ರದುರ್ಗದಿಂದ ಹರಿಹರದ ತನಕ ಮಠ-ಪೀಠಗಳೇ ತುಂಬಿದ ನಮ್ಮ ಸೀಮೆಯಲ್ಲಿ ಆ ಪ್ರಶ್ನೆ ಸಹಜ. ಆದರೆ ಕಾನೂನು ಎಲ್ಲರಿಗೂ ಒಂದೇ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ 1988ರಲ್ಲೇ ಬಂದಿದೆ. ಗುಡಿ, ಮಸೀದಿ, ಚರ್ಚು, ಮಠ ಯಾವುದರ ಆವರಣವನ್ನೂ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಬಳಸಿದರೆ ಐದು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ. ಪಕ್ಕದವರ ಮೇಲೆ ಕೇಸಾಗಿಲ್ಲ ಎಂಬುದು ನಾಳೆ ನ್ಯಾಯಾಲಯದಲ್ಲಿ ನಮ್ಮನ್ನು ಉಳಿಸುವ ವಾದವಲ್ಲ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಇನ್ನೂ ಆಳಕ್ಕೆ ಹೋಗುತ್ತದೆ. ಇಂಥವರಿಗೆ ಓಟು ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರ ನಂಬುವಂತೆ ಮಾಡುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಒಪ್ಪಿಗೆಯಿಂದ ಹಾಗೆ ಹೇಳಿದ್ದಾದರೆ ಗೆದ್ದ ಚುನಾವಣೆಯೇ ರದ್ದಾಗಬಹುದು. ಪಂಜಾಬಿನ ನಾಮಧಾರಿ ಸಿಖ್ಖರ ಗುರುಗಳು ಅನುಯಾಯಿಗಳಿಗೆ ಇಂಥವರಿಗೇ ಮತ ಹಾಕಿ ಎಂದು ಅಪ್ಪಣೆ ಕೊಟ್ಟ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1959ರ ಆ ತೀರ್ಪಿನಲ್ಲಿ ಕೋರ್ಟು ಕೂದಲೆಳೆಯಷ್ಟು ಸೂಕ್ಷ್ಮವಾದ ಗೆರೆ ಎಳೆಯಿತು: ಧರ್ಮಗುರುವಿಗೂ ಅಭಿಪ್ರಾಯ ಹೇಳುವ ಹಕ್ಕಿದೆ, ಆದರೆ ಭಕ್ತನಿಗೆ ಬೇರೆ ದಾರಿಯೇ ಉಳಿಯದಂತೆ ಹೇಳಿದರೆ ಅದು ಅನುಚಿತ ಪ್ರಭಾವ.

ಈ ಗೆರೆ ಸರಿಯೆಂದು ನಾನು ಮನಸಾರೆ ಒಪ್ಪುತ್ತೇನೆ, ಜೈಲಿನ ಭಯಕ್ಕಲ್ಲ. ಜ್ಞಾನಸ್ನಾನದ ದಾಖಲೆ, ಮದುವೆಗೆ ಬೇಕಾದ ಪತ್ರ, ಚರ್ಚಿನ ಶಾಲೆಯ ಸೀಟಿಗೆ ಶಿಫಾರಸು, ಕೊನೆಗೆ ಸ್ಮಶಾನದಲ್ಲಿ ಆರಡಿ ಜಾಗ, ಇವೆಲ್ಲ ಒಂದೇ ಕಚೇರಿಯಲ್ಲಿ, ಒಬ್ಬರ ಸಹಿಯಲ್ಲಿ ಆಗಬೇಕು. ಆ ಒಬ್ಬರ ಮುಂದೆಯೇ ಮಂಡಿಯೂರಿ ಪಾಪನಿವೇದನೆಯನ್ನೂ ಮಾಡಿರುತ್ತೇವೆ. ಅಂಥವರು ‘ನನ್ನ ಸ್ವಂತ ಅಭಿಪ್ರಾಯ ಅಷ್ಟೇ’ ಎಂದು ಹೇಳಿದರೂ ಕೇಳುವ ಬಡ ಕುಟುಂಬಕ್ಕೆ ಅದು ಅಪ್ಪಣೆಯೇ. ‘ಯಾರಿಗೆ ಅಂತ ನಿಮಗೇ ಗೊತ್ತಲ್ಲ’ ಎಂದು ನಕ್ಕು ಸುಮ್ಮನಾಗುವುದೂ ಹೆಸರು ಹೇಳಿದಂತೆಯೇ. ಯುವಕರು ಅಮೆರಿಕದ ಪಾಸ್ಟರುಗಳ ವಿಡಿಯೋ ಕಳಿಸಿ ಅಲ್ಲಿ ನಡೆಯುತ್ತದಲ್ಲ ಎನ್ನುತ್ತಾರೆ. ಅಲ್ಲಿನ ಜಗಳ 1954ರಿಂದಲೂ, ಅಭ್ಯರ್ಥಿಯ ಪರ ಮಾತಾಡಿದರೆ ಚರ್ಚಿನ ತೆರಿಗೆ ವಿನಾಯಿತಿ ಹೋಗುತ್ತದೆಯೇ ಎಂಬುದರ ಸುತ್ತ. ನಮ್ಮ ಕಾನೂನಿಗೂ ಅದಕ್ಕೂ ಸಂಬಂಧವಿಲ್ಲ.

ನನಗೆ ಹೆಚ್ಚು ಭಯವಿರುವುದು ವೇದಿಕೆಯ ಮಾತಿಗಿಂತ ಹಿಂಬಾಗಿಲ ಮಾತಿನದು. ಸಮುದಾಯದ ಯಾರೋ ಮುಖಂಡರು ರಾತ್ರಿ ಅಭ್ಯರ್ಥಿಯ ಮನೆಗೆ ಹೋಗಿ ‘ನಮ್ಮ ಚರ್ಚಿನ ಓಟು ಪೂರಾ ನಿಮಗೇ’ ಎಂದು ಮಾತು ಕೊಟ್ಟು ಬರುತ್ತಾರೆ. ಫಲಿತಾಂಶದ ನಂತರ ಚುನಾವಣಾ ಅಧಿಕಾರಿ ಸಿದ್ಧಪಡಿಸುವ ನಮೂನೆ 20ರಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬುದು ಸಾಲುಸಾಲಾಗಿ ಇರುತ್ತದೆ. ಹಲವು ಬೂತುಗಳ ಓಟನ್ನು ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರವನ್ನು ಚುನಾವಣಾ ಆಯೋಗವೇ ಸೂಚಿಸಿದ್ದರೂ ಅದು ಜಾರಿಗೆ ಬಂದಿಲ್ಲ. ಕ್ರೈಸ್ತರು ಒಂದೇ ಬೀದಿಯಲ್ಲಿ ಒತ್ತಾಗಿರುವ ಕಡೆ ಆ ಒಂದು ಸಾಲೇ ಎಲ್ಲ ಹೇಳುತ್ತದೆ. ಗೆದ್ದವನಿಗೆ ಮಾತು ಕೊಟ್ಟಷ್ಟು ಓಟು ಬಂದಿಲ್ಲದಿದ್ದರೆ ಮುಂದಿನ ಐದು ವರ್ಷ ಆ ಬೀದಿಯ ಚರಂಡಿ, ನೀರಿನ ಪೈಪು ಕೇಳುವವರಿಲ್ಲ. ಮಾತು ಕೊಟ್ಟವರು ಬೇರೆ, ಅನುಭವಿಸುವವರು ಬೇರೆ. ಸಂಖ್ಯೆಯಲ್ಲಿ ಸಣ್ಣದಾದ ಸಮುದಾಯ ತನ್ನ ಓಟನ್ನು ಗಂಟು ಕಟ್ಟಿ ಹರಾಜಿಗಿಟ್ಟರೆ ಬೆಲೆ ಹೆಚ್ಚುತ್ತದೆ ಎಂಬ ಲೆಕ್ಕ ನನಗೆ ಯಾವತ್ತೂ ಸರಿಯೆನಿಸಿಲ್ಲ.

ಚರ್ಚು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಹದಿನೆಂಟು ತುಂಬಿದವರ ಹೆಸರು ಮತದಾರರ ಪಟ್ಟಿಗೆ ಸೇರಿಸಲು ನಮೂನೆ 6, ಮದುವೆಯಾಗಿ ಬಂದ ಸೊಸೆಯ ವಿಳಾಸ ಬದಲಿಸಲು ನಮೂನೆ 8 ತುಂಬಿಸಿ. ಪಟ್ಟಿಯಿಂದ ಬಿಟ್ಟುಹೋದ ಹೆಸರುಗಳನ್ನು ಮನೆಮನೆಗೆ ಹೋಗಿ ಹುಡುಕಿ. ಇನ್ನು ಹರಿಹರದ ಆರೋಗ್ಯಮಾತೆ ಚರ್ಚಿನ ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಸೇರುತ್ತಾರೆ, ರಾಜಕಾರಣಿಗಳೂ ಬರುತ್ತಾರೆ. ಇಂಥ ಹಬ್ಬ ಎಲ್ಲೇ ಆಗಲಿ, ಅವರು ಬರಲಿ, ಮೇಣದಬತ್ತಿ ಹಚ್ಚಲಿ, ಎಲ್ಲರ ಜೊತೆ ಬೆಂಚಿನ ಮೇಲೆ ಕೂರಲಿ. ಮೈಕು ಮಾತ್ರ ಕೊಡಬೇಡಿ.