ಈ ದುಡ್ಡು ಎಷ್ಟು ತಿಂಗಳಿಗೆ?

ನಿವೃತ್ತಿಗೆ ಮುಂಚೆ ತಾವಾಗಿ ಹೋಗುವವರಿಗೆ ಕಂಪನಿ ದುಡ್ಡು ಕೊಡುವ ಸ್ಕೀಮಿನ, ಅಂದರೆ ವಿಆರ್‌ಎಸ್‌ನ, ಸುತ್ತೋಲೆ ಹೊರಬಿದ್ದ ವಾರ ನನ್ನ ಆಫೀಸಿನಲ್ಲಿ ಕುರ್ಚಿ ಸಾಲುವುದಿಲ್ಲ. ಬಂದವರ ಕೈಯಲ್ಲೆಲ್ಲ ಒಂದೇ ಥರದ ಚೀಟಿ. ಅವರ ಸೆಕ್ಷನ್ನಿನಲ್ಲಿ ಎಕ್ಸೆಲ್ ಬಲ್ಲವರು ಯಾರೋ ಮಾಡಿ, ಎಲ್ಲರಿಗೂ ಪ್ರಿಂಟ್ ಹಂಚಿರುತ್ತಾರೆ. ಎಕ್ಸ್‌ಗ್ರೇಷಿಯಾ, ಗ್ರಾಚ್ಯುಟಿ, ಪಿಎಫ್, ರಜೆ ನಗದು, ಒಂದರ ಕೆಳಗೊಂದು. ಕೊನೆಗೆ ಒಟ್ಟು. ಅದರ ಕೆಳಗೆ ಎರಡು ಗೆರೆ.

"68 ಲಕ್ಷ ಸಾರ್. ಟ್ಯಾಕ್ಸ್ ಎಷ್ಟು ಹೋಗುತ್ತೆ, ಅಷ್ಟು ಹೇಳಿಬಿಡಿ ಸಾಕು."

ಟ್ಯಾಕ್ಸ್ ಆಮೇಲೆ. ನಾನು ಚೀಟಿ ಇಸಿದುಕೊಂಡು ಕೆಂಪು ಪೆನ್ನಿನಲ್ಲಿ ಗ್ರಾಚ್ಯುಟಿಗೆ ಗೀಟು ಹಾಕುತ್ತೇನೆ. ಪಿಎಫ್‌ಗೂ ಗೀಟು. ರಜೆ ನಗದಿಗೂ ಗೀಟು. ಎದುರಿಗಿರುವವರು ನನ್ನ ಕೈಯನ್ನೇ ನೋಡುತ್ತಿರುತ್ತಾರೆ, ಅವರ ಜೇಬಿಗೇ ಕತ್ತರಿ ಹಾಕಿದೆನೇನೋ ಅನ್ನುವ ಹಾಗೆ. ಮೂರು ಗೀಟು ಬಿದ್ದ ಮೇಲೆ ಉಳಿಯುವುದು ಎಕ್ಸ್‌ಗ್ರೇಷಿಯಾ ಒಂದೇ. 27 ಲಕ್ಷ 53 ಸಾವಿರ.

ಗೀಟು ಬಿದ್ದ ದುಡ್ಡು ಎಲ್ಲಿಗೂ ಹೋಗಲಿಲ್ಲ. ಅದು ನಿಮ್ಮದೇ. ಇವತ್ತು ಹೋದರೂ ನಿಮ್ಮದು, ಎಂಟು ವರ್ಷ ಬಿಟ್ಟು ಹೋದರೂ ನಿಮ್ಮದು. 28 ವರ್ಷ ದುಡಿದಿದ್ದಕ್ಕೆ ಗ್ರಾಚ್ಯುಟಿ. ನಿಮ್ಮ ಸಂಬಳದಿಂದ ಹಿಡಿದು, ಕಂಪನಿಯೂ ತನ್ನ ಪಾಲು ಹಾಕಿ, ಬಡ್ಡಿ ಸೇರಿದ್ದು ಪಿಎಫ್. ರಜೆ ಹಾಕದೆ ಉಳಿಸಿದ್ದು ರಜೆ ನಗದು. ಇದರಲ್ಲಿ ಒಂದು ಪೈಸೆಯೂ "ಹೋಗ್ತೀರಾ?" ಅಂತ ಕೇಳಿದ್ದಕ್ಕೆ ಕೊಡುತ್ತಿರುವುದಲ್ಲ. ಹೋಗುವುದಕ್ಕೆ ಅಂತ ಕೊಡುವುದು ಎಕ್ಸ್‌ಗ್ರೇಷಿಯಾ ಮಾತ್ರ. ಹೋಗಬೇಕೋ ಬೇಡವೋ ಅನ್ನುವ ಲೆಕ್ಕಕ್ಕೆ ಬರಬೇಕಾದದ್ದೂ ಅದೊಂದೇ.

ಇಷ್ಟು ಹೇಳಿದ ಮೇಲೂ ತಲೆ ಆಡಿಸಿ, "ಸರಿ ಸಾರ್, ಆದ್ರೂ ಒಟ್ಟಿಗೆ 68 ಲಕ್ಷ ಕೈಗೆ ಬರುತ್ತಲ್ಲ" ಅನ್ನುತ್ತಾರೆ. ನನಗೆ ಆಗ ಕುರ್ಚಿ ಬಿಟ್ಟು ಎದ್ದು ಹೋಗಬೇಕು ಅನಿಸುತ್ತದೆ. ಹೋಗುವುದಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಇಲ್ಲೂ ಅದನ್ನೇ ಮಾಡುತ್ತೇನೆ, ಸಹಿಸಿಕೊಳ್ಳಿ.

ಆ ಚೀಟಿಯವರ ವಯಸ್ಸು 52. ಸರ್ವಿಸ್ 28 ವರ್ಷ. ಬೇಸಿಕ್ಕು ಡಿಎ ಸೇರಿ 70,000 ರೂಪಾಯಿ. ನಿವೃತ್ತಿ 60ಕ್ಕೆ, ಅಂದರೆ ಇನ್ನೂ 96 ತಿಂಗಳು ಬಾಕಿ. ಕೇಂದ್ರದ ಸಾರ್ವಜನಿಕ ವಲಯದಲ್ಲಿ ಎಕ್ಸ್‌ಗ್ರೇಷಿಯಾ ಲೆಕ್ಕಕ್ಕೆ ಜಾಸ್ತಿ ಬಳಕೆಯಲ್ಲಿರುವುದು ಗುಜರಾತ್ ಮಾದರಿ ಅನ್ನುವ ಸೂತ್ರ. ಮುಗಿದ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. 28ಕ್ಕೆ 980 ದಿನ, 8ಕ್ಕೆ 200 ದಿನ. ಒಟ್ಟು 1,180 ದಿನ. ತಿಂಗಳಿಗೆ 30 ದಿನ ಅಂತ ಭಾಗಿಸಿದರೆ 39 ತಿಂಗಳ ಮೇಲೆ ಚೂರು. ಅದೇ ಆ 27 ಲಕ್ಷ 53 ಸಾವಿರ.

ಈಗ ಇನ್ನೊಂದು ಕಡೆ ನೋಡಿ. ಉಳಿದರೆ 96 ತಿಂಗಳ ಸಂಬಳ. ಇನ್‌ಕ್ರಿಮೆಂಟು, ಡಿಎ ಏರಿಕೆ ಎಲ್ಲ ಬಿಟ್ಟರೂ 67 ಲಕ್ಷ 20 ಸಾವಿರ. ಚೀಟಿಯ ಒಟ್ಟು ಎಷ್ಟಿತ್ತು? 68 ಲಕ್ಷ. ಮೋಸ ಹೋಗುವುದು ಇಲ್ಲೇ. "ಎಂಟು ವರ್ಷದ ಸಂಬಳ ಕೂತಲ್ಲೇ ಕೊಡ್ತಿದ್ದಾರೆ ಸಾರ್" ಅಂತ ಒಬ್ಬರು ನನ್ನ ಮೇಜು ತಟ್ಟಿ ಹೇಳಿದ್ದರು. ಅವರು ಕೊಡುತ್ತಿರುವುದು 39 ತಿಂಗಳಿನದು. ಮಿಕ್ಕಿದ್ದನ್ನು ತುಂಬಿಸಿದ್ದು ನಿಮ್ಮದೇ ದುಡ್ಡು.

ಆ 27 ಲಕ್ಷವನ್ನು 96ರಿಂದ ಭಾಗಿಸಿ. ತಿಂಗಳಿಗೆ 28,700 ರೂಪಾಯಿಯ ಹತ್ತಿರ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತಲ್ಲ ಅಂತ ಜಾಣರು ಕೇಳುತ್ತಾರೆ. ಬರುತ್ತದೆ. ಶೇಕಡಾ 7 ಬಡ್ಡಿ ಅಂತ ಇಟ್ಟುಕೊಂಡು, ತಿಂಗಳು ತಿಂಗಳು ತೆಗೆಯುತ್ತಾ ಎಂಟು ವರ್ಷಕ್ಕೆ ಸೊನ್ನೆ ಆಗುವ ಹಾಗೆ ಹಾಕಿದರೂ 37,500 ದಾಟುವುದು ಕಷ್ಟ. ಅದೂ ಟ್ಯಾಕ್ಸಿಗೆ ಮುಂಚೆ. 70,000ದಲ್ಲಿ ನಡೆಯುತ್ತಿದ್ದ ಮನೆ 37,500ಕ್ಕೆ ನಡೆಯಬೇಕು. ಮೇಲಾಗಿ ಆ 70,000 ಕೂಡ ಪೂರ್ತಿ ಸಂಬಳ ಅಲ್ಲ. ಮನೆ ಬಾಡಿಗೆ ಭತ್ಯೆ, ಓಟಿ, ಕ್ಯಾಂಟೀನು, ಆಸ್ಪತ್ರೆ, ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಬೇಸಿಕ್ಕು ಮತ್ತು ಡಿಎ, ಅಷ್ಟೇ.

ತಮಾಷೆ ಅಂದರೆ ಇದೇ ಸೂತ್ರ 58 ವರ್ಷದವರಿಗೆ ಬೇರೆ ಥರ ಕೆಲಸ ಮಾಡುತ್ತದೆ. 34 ವರ್ಷ ಸರ್ವಿಸ್ ಆದವರಿಗೆ ದಿನದ ಲೆಕ್ಕದಲ್ಲಿ 41 ತಿಂಗಳು ಬರುತ್ತದೆ. ಆದರೆ ಉಳಿದ ಅವಧಿಯ ಸಂಬಳಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ ಅಂತ ಮಿತಿ ಇದೆ. ಆದ್ದರಿಂದ 24 ತಿಂಗಳಿಗೆ ನಿಲ್ಲುತ್ತದೆ. ಅಂದರೆ ಅವರಿಗೆ ಬಾಕಿ ಇರುವ ಎರಡು ವರ್ಷದ ಬೇಸಿಕ್ಕು ಡಿಎ ಪೂರ್ತಿ, ಕೆಲಸ ಮಾಡದೆ. ಇಂಥವರಿಗೆ ನಾನು ಸಾಮಾನ್ಯವಾಗಿ ತಗೊಳ್ಳಿ ಅನ್ನುತ್ತೇನೆ. ಅವರೇ ಅನುಮಾನಪಡುತ್ತಾರೆ! "ಮನೇಲಿ ಕೂತು ಏನು ಮಾಡ್ಲಿ ಸಾರ್" ಅಂತ. ನುಗ್ಗಿ ಬರುವವರು 52ರವರು. ಮಗಳ ಮದುವೆ, ಸೈಟು, ಹಳೇ ಸಾಲ, ಮೂರಕ್ಕೂ ಒಂದೇ ಚೀಟಿ.

"ಬಿಎಸ್‌ಎನ್‌ಎಲ್‌ನಲ್ಲಿ ಅಷ್ಟು ಜನ ತಗೊಂಡ್ರಲ್ಲ, ಅವರೆಲ್ಲ ದಡ್ಡರಾ?" ಇದು ಮುಂದಿನ ಪ್ರಶ್ನೆ. ದಡ್ಡರಲ್ಲ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು, ನವೆಂಬರ್ 4ರಿಂದ ಡಿಸೆಂಬರ್ 3ರವರೆಗೆ ಅರ್ಜಿ ತಗೊಂಡರು, 50 ದಾಟಿದವರಿಗೆ. 2020ರ ಜನವರಿ 31ರಂದು ಒಂದೇ ದಿನ 78,000ಕ್ಕೂ ಜಾಸ್ತಿ ಜನ ಹೊರಗೆ ನಡೆದರು. ಒಂದೂವರೆ ಲಕ್ಷದಷ್ಟಿದ್ದ ಸಂಸ್ಥೆ ಅರ್ಧಕ್ಕೆ ಇಳಿಯಿತು. ಆದರೆ ಆ ಅರ್ಜಿದಾರರಲ್ಲಿ ಬಹುಪಾಲು ಹಳೇ ಟೆಲಿಕಾಂ ಇಲಾಖೆಯಿಂದ ಬಂದವರು. ಅವರಿಗೆ ಸರ್ಕಾರಿ ಪಿಂಚಣಿ ಇತ್ತು. ಎಕ್ಸ್‌ಗ್ರೇಷಿಯಾ ಜೊತೆಗೆ ತಿಂಗಳು ತಿಂಗಳು ಡಿಎ ಸೇರಿದ ಪಿಂಚಣಿ ಬರುವವರ ಲೆಕ್ಕವೇ ಬೇರೆ.

ನಿಮ್ಮದು ಇಪಿಎಸ್, ಅಂದರೆ ಪಿಎಫ್ ಜೊತೆಗೆ ಬರುವ ಪಿಂಚಣಿ. ಅದನ್ನು ಕಟ್ಟುವುದು 15,000 ರೂಪಾಯಿ ಸಂಬಳದ ಮಿತಿಯ ಮೇಲೆ. ತಿಂಗಳಿಗೆ 7,500 ದಾಟುವುದು ಅಪರೂಪ. 58ಕ್ಕೆ ಮುಂಚೆ ತಗೊಂಡರೆ ಪ್ರತಿ ವರ್ಷಕ್ಕೆ ಶೇಕಡಾ 4 ಕಡಿತ. ಪೂರ್ತಿ ಸಂಬಳದ ಮೇಲೆ ಹೆಚ್ಚಿನ ಪಿಂಚಣಿಗೆ ಆಯ್ಕೆ ಕೊಟ್ಟು, ಅದು ಮಂಜೂರೂ ಆದವರು ಬೇರೆಯಾಗಿ ಲೆಕ್ಕ ಹಾಕಬೇಕು. ಪಕ್ಕದ ಮನೆಯವರು ವಿಆರ್‌ಎಸ್ ತಗೊಂಡು ಚೆನ್ನಾಗಿದ್ದಾರೆ ಅನ್ನುವುದರಿಂದ ನಿಮ್ಮ ವಿಷಯದಲ್ಲಿ ಏನೂ ಗೊತ್ತಾಗುವುದಿಲ್ಲ.

ರಾಜ್ಯ ಸರ್ಕಾರದ ನೌಕರರೂ ಫೋನ್ ಮಾಡುತ್ತಾರೆ. "ನಾನೂ ವಿಆರ್‌ಎಸ್ ತಗೋಬೇಕು ಅಂತಿದ್ದೀನಿ, ಎಷ್ಟು ಲಕ್ಷ ಬರಬಹುದು?" ಸ್ವಯಂ ನಿವೃತ್ತಿಗೂ ವಿಆರ್‌ಎಸ್‌ಗೂ ಹೆಸರು ಒಂದೇ ಥರ ಇರುವುದರ ಫಲ ಇದು. ನೀವು ಕೇಳುತ್ತಿರುವುದು ಮುಂಚೆ ಹೋಗಲು ಅನುಮತಿ. ನಿಯಮದ ಪ್ರಕಾರ ಸರ್ವಿಸ್ ಆಗಿದ್ದರೆ ಹೋಗಬಹುದು. ನಿವೃತ್ತಿ ಸೌಲಭ್ಯ ಏನಿದೆಯೋ ಅದು ಸಿಗುತ್ತದೆ. ಅದರ ಮೇಲೆ ಎಕ್ಸ್‌ಗ್ರೇಷಿಯಾ ಅಂತ ಯಾರೂ ಏನೂ ಕೊಡುವುದಿಲ್ಲ. ನಿಮ್ಮ ಕುರ್ಚಿಯನ್ನು ಕೊಂಡುಕೊಳ್ಳುವ ಅಗತ್ಯ ಸರ್ಕಾರಕ್ಕೆ ಇಲ್ಲ. ನೀವು ಎದ್ದು ಹೋದ ಮೇಲೆ ಸುಮ್ನೆ ಖಾಲಿ ಬಿಟ್ಟರೆ ಆಯಿತು.

ನಮ್ಮಲ್ಲಿ ಸರ್ಕಾರ ಚಿಕ್ಕದಾಗುವುದು ಬಹುತೇಕ ಹೀಗೇ. 1997ರಲ್ಲಿ ಐದನೇ ಕೇಂದ್ರ ವೇತನ ಆಯೋಗ ಹತ್ತು ವರ್ಷದಲ್ಲಿ ನೌಕರರನ್ನು ಶೇಕಡಾ 30ರಷ್ಟು ಇಳಿಸಿ ಅಂದಿತ್ತು. ಸಂಬಳ ಏರಿಸುವ ಮಾತನ್ನು ಸರ್ಕಾರ ಕೇಳಿತು, ಇಳಿಸುವ ಮಾತನ್ನು ಕೇಳಲಿಲ್ಲ. 2001ರಲ್ಲಿ ಕೇಂದ್ರ ಬೇರೆ ದಾರಿ ಹಿಡಿಯಿತು: ನೇರ ನೇಮಕಾತಿಯನ್ನು ಖಾಲಿಯಾದದ್ದರ ಮೂರನೇ ಒಂದು ಭಾಗಕ್ಕೆ ಇಳಿಸಿ ಆದೇಶ. ಯಾರನ್ನೂ ಕಳಿಸಲಿಲ್ಲ, ಯಾರಿಗೂ ದುಡ್ಡು ಕೊಡಲಿಲ್ಲ. ಕರ್ನಾಟಕದಲ್ಲೂ ಮಂಜೂರಾದ ಏಳೂವರೆ ಲಕ್ಷಕ್ಕೂ ಮೀರಿದ ಹುದ್ದೆಗಳಲ್ಲಿ ಎರಡೂವರೆ ಲಕ್ಷದಷ್ಟು ಖಾಲಿ ಇವೆ ಅಂತ ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ನನ್ನ ಕೆಲಸಕ್ಕೆ ಹೋಗುವ ಒಂದು ಕಚೇರಿಯಲ್ಲಿ ಮೂರು ಮೇಜು, ಮೂರು ಬೋರ್ಡು, ಒಬ್ಬರೇ ಗುಮಾಸ್ತೆ. ಯಾವ ಅರ್ಜಿ ಕೊಟ್ಟರೆ ಆ ಮೇಜಿಗೆ ಹೋಗಿ ಕೂರುತ್ತಾರೆ. ನನಗೆ ಅವರ ಮೇಲೆ ಪ್ರೀತಿ ಇದೆ. ಅವರೂ ಸ್ವಯಂ ನಿವೃತ್ತಿ ಬಗ್ಗೆ ಕೇಳಿದ್ದಾರೆ.

ಅಮೆರಿಕದ ಸುದ್ದಿ ಹಿಡಿದುಕೊಂಡು ಬರುವವರೂ ಇದ್ದಾರೆ. 2025ರ ಜನವರಿ ಕೊನೆಯಲ್ಲಿ ಅಲ್ಲಿನ ಕೇಂದ್ರ ನೌಕರರಿಗೆ ಒಂದು ಈಮೇಲ್ ಹೋಯಿತು: ರಾಜೀನಾಮೆ ಕೊಡಿ, ಸೆಪ್ಟೆಂಬರ್ ಕೊನೆಯವರೆಗೆ ಸಂಬಳ ತಗೊಳ್ಳಿ. "ಅಲ್ಲಿ ಎಷ್ಟು ಕೊಡ್ತಾರೆ ನೋಡಿ ಸಾರ್" ಅಂದರು ಒಬ್ಬರು. ಎಂಟು ತಿಂಗಳಿನದು ಸ್ವಾಮಿ! ತಾವಾಗಿ ಕೆಲಸ ಬಿಡಲು ಅಲ್ಲಿ ಕೊಡುವ ಮಾಮೂಲಿ ಬೈಔಟ್ ಮೊತ್ತವೂ ಹೆಚ್ಚಿನ ಇಲಾಖೆಗಳಲ್ಲಿ 1990ರ ದಶಕದಿಂದ 25,000 ಡಾಲರ್ ಹತ್ತಿರವೇ ನಿಂತಿದೆ. ಐದು ವರ್ಷದೊಳಗೆ ಮತ್ತೆ ಸರ್ಕಾರಿ ಕೆಲಸಕ್ಕೆ ಸೇರಿದರೆ ಅದನ್ನೂ ವಾಪಸ್ ಕಟ್ಟಬೇಕು. ನಮ್ಮ 35 ಮತ್ತು 25 ದಿನದ ಸೂತ್ರ ಅದಕ್ಕಿಂತ ಎಷ್ಟೋ ಧಾರಾಳ.

ಟ್ಯಾಕ್ಸ್ ಕೇಳಿದ್ದಿರಿ, ಅಲ್ವಾ? ನಿಯಮಕ್ಕೆ ಸರಿಹೊಂದುವ ಸ್ಕೀಮ್ ಆದರೆ ಎಕ್ಸ್‌ಗ್ರೇಷಿಯಾದಲ್ಲಿ 5 ಲಕ್ಷಕ್ಕೆ ವಿನಾಯಿತಿ. ಜೀವನದಲ್ಲಿ ಒಂದೇ ಸಲ. ಮಿಕ್ಕಿದ್ದು ಆ ವರ್ಷದ ಆದಾಯಕ್ಕೆ ಸೇರುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ, ಹಳೇ ಚೀಟಿ ನೋಡಿ ಫಾರಂ ತುಂಬಬೇಡಿ. ಅದೇ ಆಡಳಿತದ ಬೇರೆ ಕಂಪನಿಗೆ ಸೇರಬಾರದು ಅನ್ನುವ ಷರತ್ತೂ ಇದೆ. ಗುತ್ತಿಗೆದಾರರ ಕಡೆಯಿಂದ ಅದೇ ಗೇಟಿನೊಳಗೆ ವಾಪಸ್ ಹೋದ ಒಬ್ಬರು ನನಗೆ ಗೊತ್ತು. ಅದೇ ಶೆಡ್ಡು, ಅದೇ ಲೇತು, ಕುತ್ತಿಗೆಯಲ್ಲಿ ಬೇರೆ ಬಣ್ಣದ ಪಟ್ಟಿ, ಮೂರನೇ ಒಂದು ಭಾಗ ಸಂಬಳ.

ಇಷ್ಟೆಲ್ಲ ಹೇಳಿ ನಾನು ವಿಆರ್‌ಎಸ್ ಬೇಡ ಅನ್ನುತ್ತಿದ್ದೇನೆ ಅಂದುಕೊಂಡರೆ ಅದೂ ತಪ್ಪು. ಮೇಲಿನ 67 ಲಕ್ಷ ಕೂಡ ಒಂದು ಊಹೆಯೇ. ಕಂಪನಿ ಎಂಟು ವರ್ಷ ಉಳಿಯುತ್ತದೆ, ಸಂಬಳ ತಪ್ಪದೆ ಬರುತ್ತದೆ ಅನ್ನುವ ಊಹೆ. ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ತೀರ್ಮಾನಿಸಿದಾಗ ಅಲ್ಲಿನವರಿಗೆ ಕೊಟ್ಟ ವಿಆರ್‌ಎಸ್‌ನ ಲೆಕ್ಕ 2007ರ ವೇತನ ಶ್ರೇಣಿಯ ಮೇಲೆ. ಅದನ್ನೇ ಒಳ್ಳೆಯ ಪ್ಯಾಕೇಜ್ ಅಂದರು, ಯಾಕೆಂದರೆ ಅವರ ಆಗಿನ ಸಂಬಳ ಅದಕ್ಕಿಂತ ಹಳೇ ಶ್ರೇಣಿಯದು. ಯಾವ ಸ್ಕೀಮೂ ಇಲ್ಲದೆ ಬಾಗಿಲು ಹಾಕಿದರೆ ಕಾನೂನು ಕೊಡಿಸುವುದು ವರ್ಷಕ್ಕೆ 15 ದಿನದ ಸಂಬಳ. 35ರ ಪಕ್ಕದಲ್ಲಿ ಅದನ್ನಿಟ್ಟು ನೋಡಿ. ನಿಮ್ಮ ಕಂಪನಿಯ ಆರ್ಡರ್ ಪುಸ್ತಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದನ್ನು ನಾನು ಹೇಳಲಾರೆ.

ಹಿಂದೊಮ್ಮೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಫೌಂಡ್ರಿ ಕೆಲಸ, ವಯಸ್ಸು 53. ಗಂಡ ಚೀಟಿ ಮುಂದಿಟ್ಟು ಸೈಟಿನ ವಿಷಯ ಶುರು ಮಾಡಿದರು. ಮಗನ ಅಂಗಡಿಗೆ ಇಷ್ಟು, ಚಿಟ್‌ಗೆ ಇಷ್ಟು. ಹೆಂಡತಿ ಸುಮ್ನೆ ಕೇಳುತ್ತಿದ್ದರು. ನಾನು ಗೀಟು ಹಾಕಲು ಪೆನ್ನು ಎತ್ತುವಷ್ಟರಲ್ಲಿ ಆಕೆ ಬಗ್ಗಿ ನೋಡಿ, "ಈ ದುಡ್ಡು ಎಷ್ಟು ತಿಂಗಳಿಗೆ ಸಾರ್?" ಅಂದರು. ಆ ಪ್ರಶ್ನೆಯನ್ನು ತಾವಾಗಿ ಕೇಳಿದವರು ನನ್ನ ಆಫೀಸಿನಲ್ಲಿ ಅವರೊಬ್ಬರೇ. ತಿಂಗಳ ಮೊದಲ ದಿನ ಸಂಬಳ ಎಣಿಸಿ ಡಬ್ಬ ಡಬ್ಬಕ್ಕೆ ಹಂಚಿದವರು ಅವರು, ಗಂಡ ಅಲ್ಲ.

ಲೆಕ್ಕ ಹಾಕಿ ತೋರಿಸಿದೆ. 84 ತಿಂಗಳು ನಡೆಯಬೇಕು, ಸಿಗುವುದು ಅದರ ಅರ್ಧಕ್ಕೂ ಕಡಿಮೆ. ಗಂಡನ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಲೆಕ್ಕ ಸರಿ ಸಾರ್. ಆದ್ರೆ ಆರು ತಿಂಗಳಿಂದ ಫರ್ನೇಸ್ ಹಚ್ಚಿಲ್ಲ. ಬೆಳಗ್ಗೆ ಪಂಚ್ ಮಾಡಿ ಹುಣಸೆ ಮರದ ಕೆಳಗೆ ಕೂರ್ತೀವಿ. ಹೋದ ತಿಂಗಳ ಸಂಬಳ 19ಕ್ಕೆ ಬಂತು."

ಹೆಂಡತಿ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡರು. "ಅರ್ಜಿಗೆ ಕೊನೇ ದಿನ ಯಾವತ್ತು?" ಅಂತ ಗಂಡನನ್ನು ಕೇಳಿದರು. ಇನ್ನೂ ಹನ್ನೊಂದು ದಿನ ಇತ್ತು. ಹಾಗಾದ್ರೆ ಸೈಟಿನವರಿಗೆ ಇವತ್ತೇ ಬೇಡ ಅಂತ ಹೇಳಿ, ಮಿಕ್ಕಿದ್ದು ಮನೇಲಿ ನೋಡೋಣ ಅಂದರು. ನನ್ನ ಫೀಸನ್ನು ಕೊಟ್ಟದ್ದೂ ಅವರೇ, ಹತ್ತು ರೂಪಾಯಿ ಚಿಲ್ಲರೆ ವಾಪಸ್ ಕೇಳಿ.