ಘನೀಕೃತ ವೀರ್ಯ: ಗುಣಮಟ್ಟ ಎಲ್ಲೆಲ್ಲಿ ಕೈತಪ್ಪುತ್ತದೆ?

ಹಸು-ಎಮ್ಮೆಗಳ ಕೃತಕ ಗರ್ಭಧಾರಣೆಗೆ ಹೆಪ್ಪುಗಟ್ಟಿಸಿಟ್ಟ ವೀರ್ಯದ ಬಗ್ಗೆ ಪರೀಕ್ಷೆಗೆ ಓದುತ್ತಿರುವವರು ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಹೋರಿಯಿಂದ ತೆಗೆದ ವೀರ್ಯವನ್ನು ಯಾವ ಲ್ಯಾಬೂ ಇನ್ನಷ್ಟು ಒಳ್ಳೆಯದು ಮಾಡಲಾರದು. ಇರುವುದನ್ನು ಉಳಿಸಬಹುದು, ಅಷ್ಟೇ. ಗುಣಮಟ್ಟ ಸುಧಾರಣೆ ಅಂದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕುವ ಕೆಲಸ.

ಮೊದಲ ಸೋರಿಕೆ ಕೊಟ್ಟಿಗೆಯಲ್ಲೇ. ವೃಷಣ ಮೈಗಿಂತ ಕೆಲವು ಡಿಗ್ರಿ ತಣ್ಣಗಿರಬೇಕು. ಹೋರಿಯಲ್ಲಿ ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ ಬೇಕು. ಹಾಗಾಗಿ ಏಪ್ರಿಲ್ ಬಿಸಿಲಿನ ಪೆಟ್ಟು ಜೂನ್‌ನಲ್ಲೂ ಕಾಣಬಹುದು. ಅಷ್ಟರಲ್ಲಿ ಬೆಂಗಳೂರಿನ ಬಳಿ, ವೀರ್ಯ ಕೇಂದ್ರವಿರುವ ಹೆಸರಘಟ್ಟದಲ್ಲಿ ಮಳೆ ಬಂದು ತಂಪಾಗಿರುತ್ತದೆ, ನಾವು ಸುಮ್ನೆ ಲ್ಯಾಬಿನವರನ್ನು ಬೈಯುತ್ತಿರುತ್ತೇವೆ!

ಇನ್ನು ಹೆಪ್ಪುಗಟ್ಟಿಸುವುದು. ಟೊಮೆಟೊ ಫ್ರೀಜರಿನಲ್ಲಿಟ್ಟು ಹೊರಗೆ ತೆಗೆದು ನೋಡಿದ್ದೀರಾ? ಪಿಚಪಿಚ ಅಂತ ನೀರು ಬಿಡುತ್ತದೆ. ಮಂಜಿನ ಹರಳು ಜೀವಕೋಶಗಳನ್ನು ಒಡೆದುಹಾಕಿರುತ್ತದೆ. ವೀರ್ಯಾಣುವಿನ ಕಥೆಯೂ ಅದೇ. ತೀರಾ ಬೇಗ ತಣಿಸಿದರೆ ಒಳಗೇ ಹರಳು ಕಟ್ಟುತ್ತದೆ. ತೀರಾ ನಿಧಾನವಾದರೆ ನೀರೆಲ್ಲ ಹೊರಗೆ ಹೋಗಿ ಉಳಿದ ಉಪ್ಪಿನಂಶವೇ ವಿಷವಾಗುತ್ತದೆ. ಈ ಎರಡರ ಮಧ್ಯೆ ನಮಗೆ ಆಸರೆ ಗ್ಲಿಸರಾಲ್. ಹೆಪ್ಪುಗಟ್ಟುವಾಗ ವೀರ್ಯಾಣುವನ್ನು ಕಾಯುವ ಅದರ ಗುಣ ಗೊತ್ತಾಗಿದ್ದು 1949ರಲ್ಲಿ. ಜೊತೆಗೆ ಮೊಟ್ಟೆಯ ಹಳದಿ. ಅದು ಪೊರೆಯನ್ನು ಚಳಿಯ ಆಘಾತದಿಂದ ಕಾಯುತ್ತದೆ. ವೀರ್ಯಕ್ಕೆ ಬೆರೆಸುವ ಟ್ರಿಸ್ ಅನ್ನುವ ದ್ರಾವಣದಲ್ಲಿ ಹಳದಿ ಸುಮಾರು ಶೇ. 20, ಗ್ಲಿಸರಾಲ್ ಶೇ. 6–7. ಗ್ಲಿಸರಾಲ್ ಜಾಸ್ತಿಯಾದರೆ ಅದೂ ವಿಷವೇ. ಎಮ್ಮೆ ತಳಿಯ ಕೋಣದ ವೀರ್ಯಾಣು ಇನ್ನೂ ನಾಜೂಕು, ಹೋರಿಯ ಲೆಕ್ಕವನ್ನು ಹಾಗೇ ಅದಕ್ಕೆ ಹಚ್ಚಬೇಡಿ.

ಒಂದು ಸಲಕ್ಕೆ ಬೇಕಾದ ವೀರ್ಯ ತುಂಬಿಡುವ ತೆಳು ಕೊಳವೆಯೇ ಸ್ಟ್ರಾ. 0.25 ಮಿ.ಲೀ. ಸ್ಟ್ರಾದಲ್ಲಿ 2 ಕೋಟಿ ವೀರ್ಯಾಣು, ಕರಗಿಸಿದ ಮೇಲೆ ಅರ್ಧದಷ್ಟಾದರೂ ಮುಂದಕ್ಕೆ ಚಲಿಸಬೇಕು. ಇದು ನಮ್ಮಲ್ಲಿ ಒಪ್ಪಿದ ಮಟ್ಟ. ಆದರೆ ಓಡಾಡುವುದೆಲ್ಲ ಗಬ್ಬ ಕಟ್ಟಿಸುತ್ತದೆ ಅಂತಲ್ಲ. ಪೊರೆ ಗಟ್ಟಿ ಇದೆಯಾ ನೋಡಲು ವೀರ್ಯಾಣುವನ್ನು ಅದರೊಳಗಿಗಿಂತ ಉಪ್ಪಿನಂಶ ಕಡಿಮೆ ಇರುವ ತೆಳು ದ್ರಾವಣಕ್ಕೆ ಹಾಕುತ್ತಾರೆ. ಪೊರೆ ಸರಿಯಿದ್ದರೆ ನೀರು ಹೀರಿಕೊಂಡು ಬಾಲ ಸುರುಳಿ ಸುತ್ತಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಲು ಮಜಾ ಇರುತ್ತದೆ.

ಇಷ್ಟೆಲ್ಲ ಕಾಪಾಡಿದ್ದನ್ನು ಕೊನೆಯ ನಿಮಿಷದಲ್ಲಿ ಹಾಳು ಮಾಡುವವರು ನಾವೇ. ನಾನೂ ಮಾಡಿದ್ದೇನೆ. ಹೋರಿ ನಂಬರು ಹುಡುಕುತ್ತಾ ಸ್ಟ್ರಾಗಳಿರುವ ಡಬ್ಬಿಯನ್ನು (ಕ್ಯಾನಿಸ್ಟರ್) ದ್ರವ ಸಾರಜನಕದ ಕಂಟೇನರಿನ ಕತ್ತಿನಿಂದ ಮೇಲೆತ್ತಿ ಹಿಡಿದೇ ನಿಂತಿದ್ದೆ. ಒಳಗೆ ಮೈನಸ್ 196 ಡಿಗ್ರಿ, ಹೊರಗೆ ಬೆಂಗಳೂರಿನ ಮಧ್ಯಾಹ್ನ. "ಏನಪ್ಪಾ, ಜಾತ್ರೆ ನೋಡ್ತಿದ್ದೀಯಾ?" ಅಂತ ಸರ್ ಗದರಿದರು. ಸ್ವಲ್ಪ ಬಿಸಿಯಾಗಿ ಮತ್ತೆ ಹೆಪ್ಪುಗಟ್ಟಿದ ಸ್ಟ್ರಾ ನೋಡಲು ಮೊದಲಿನ ಹಾಗೇ ಇರುತ್ತದೆ. ಹಸು ಮತ್ತೆ ಬೆದೆಗೆ ಬಂದಾಗಲೇ ಅನುಮಾನ ಹುಟ್ಟುವುದು, ಅಲ್ವಾ?

ಕರಗಿಸಲು 37 ಡಿಗ್ರಿ ನೀರು, 30 ಸೆಕೆಂಡು. ಬೆರಳು ಅದ್ದಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ. ಕತ್ತರಿಸುವ ಮೊದಲು ಸ್ಟ್ರಾ ಒರೆಸಿ. ಒಂದು ಹನಿ ನೀರು ಸೇರಿದರೂ ವೀರ್ಯಾಣು ಸಾಯುತ್ತದೆ. ಟಿಶ್ಯೂ ಇಲ್ಲದಿದ್ದರೆ ತೊಳೆದು ಒಣಗಿಸಿದ ಹಳೇ ಬನಿಯನ್ ಬಟ್ಟೆಯೂ ಸಾಕು.