ಜೆನೋವಾದ ಪ್ಯಾಲೇಸ್ ಬೀದೀಲಿ ಒಳಗೆ ಬಿಡ್ತಾರಾ, ಇಲ್ಲ ಹೊರಗಿಂದಾನೇ ನೋಡ್ಬೇಕಾ?

ಪ್ರಶ್ನೆ: ಮಿಲಾನ್‌ಗೆ ಹೋದಾಗ ಒಂದಿನ ಜೆನೋವಾ ನೋಡ್ಕೊಂಡು ಬರೋಣ ಅಂತಿದೀವಿ. ಅಲ್ಲಿ ವಿಯಾ ಗರಿಬಾಲ್ಡಿ ಅನ್ನೋ ರೋಡ್ ತುಂಬಾ ಬರೋಕ್ ಪ್ಯಾಲೇಸ್‌ಗಳೇ ಅಂತೆ. ಒಳಗೆ ಬಿಡ್ತಾರಾ? ಟಿಕೆಟ್ ತಗೊಳ್ಳೇಬೇಕಾ, ಇಲ್ಲ ಸುಮ್ನೆ ಆ ರೋಡಲ್ಲಿ ಒಂದ್ ರೌಂಡ್ ಹೊಡೆದ್ರೆ ಸಾಕಾ?

ಬಿಡ್ತಾರೆ, ಆದ್ರೆ ಎಲ್ಲಾ ಕಡೆ ಅಲ್ಲ. ಸುಮ್ನೆ ಒಂದ್ ರೌಂಡ್ ಹೊಡೆದ್ರೆ ಮಾತ್ರ ಖಂಡಿತ ಸಾಕಾಗಲ್ಲ, ಯಾಕಂದ್ರೆ ಇಡೀ ರೋಡ್ ಇರೋದೇ ಸುಮಾರು 250 ಮೀಟರ್, ಅದೂ ಅಗಲ ಕಮ್ಮಿ, ಎರಡೂ ಕಡೆ ಎತ್ತರದ ಕಟ್ಟಡಗಳು, ಕತ್ತು ಎತ್ತಿ ಎತ್ತಿ ನೋಡಿದ್ರೂ ಒಂದು ಪ್ಯಾಲೇಸ್ ಪೂರ್ತಿ ಕಣ್ಣಿಗೂ ಸಿಗಲ್ಲ ಫೋನ್ ಫ್ರೇಮಿಗೂ ಸಿಗಲ್ಲ. ತುಂಬಾ ಜನ ಐದ್ ನಿಮಿಷಕ್ಕೆ ದಾಟಿ ಹೋಗಿ ಆಮೇಲೆ "ಅಷ್ಟೇನಾ?" ಅಂತಾರೆ. ಅಸಲಿ ಮಜಾ ಇರೋದು ಬಾಗಿಲು ದಾಟಿದ ಮೇಲೆ.

ಮೊದ್ಲು ಒಂದು ಸಣ್ಣ ತಿದ್ದುಪಡಿ. ಬರೋಕ್ ಅಂದ್ರೆ 17ನೇ ಶತಮಾನದ ಅದ್ದೂರಿ ಅಲಂಕಾರದ ಶೈಲಿ, ಈ ರೋಡ್ ಶುರು ಆಗಿದ್ದು ಅದಕ್ಕಿಂತ ಮುಂಚೆ, 1550ರ ದಶಕದಲ್ಲಿ. ಊರಿನ ಬ್ಯಾಂಕರ್ ಮನೆತನಗಳು, ಅಂದ್ರೆ ಸ್ಪೇನ್ ರಾಜಂಗೇ ಸಾಲ ಕೊಡ್ತಿದ್ದ ಪಾರ್ಟಿಗಳು, ಹಳೇ ಊರಿನ ಇಕ್ಕಟ್ಟು ಓಣಿಗಳು ಬೇಡ ಅಂತ ನೇರವಾಗಿ ಒಂದು ಹೊಸ ಬೀದಿ ಹಾಕಿಸ್ಕೊಂಡ್ರು, ಆಗ ಅದರ ಹೆಸ್ರು ಸ್ಟ್ರಾಡಾ ನುವೋವಾ, ಹೊಸ ರಸ್ತೆ ಅಂತ. ಇಟಲಿ ಒಂದಾಗೋಕೆ ಹೋರಾಡಿದ ಗರಿಬಾಲ್ಡಿ ಹೆಸ್ರು ಬಂದಿದ್ದು 1882ರಲ್ಲಿ. ಬರೋಕ್ ಅನ್ನೋದು ಇಲ್ಲಿಗೆ ಆಮೇಲೆ ಬಂತು, ಅದೂ ಹೆಚ್ಚಾಗಿ ಒಳಗಡೆ, ಸೀಲಿಂಗಿಗೆ ಗೋಡೆಗೆ ತೋಟಕ್ಕೆ.

ಒಳಗಡೆಗೇ ಯಾಕೆ ಅಷ್ಟು ಖರ್ಚು ಅಂದ್ರೆ, ಜೆನೋವಾ ಆಗ ರಿಪಬ್ಲಿಕ್ಕು, ರಾಜನೂ ಇಲ್ಲ ಅರಮನೆನೂ ಇಲ್ಲ. ಬೇರೆ ದೇಶದ ದೊಡ್ಡೋರು ಬಂದ್ರೆ ಎಲ್ಲಿ ಇಳಿಸೋದು? ಅದಕ್ಕೆ 1576ರಲ್ಲಿ ಸೆನೆಟ್ಟು ಶ್ರೀಮಂತರ ಮನೆಗಳದ್ದೇ ಒಂದು ಪಟ್ಟಿ ಮಾಡ್ಸಿ, ಸರ್ಕಾರಿ ಅತಿಥಿ ಬಂದಾಗ ಇಂಥೋರ ಮನೇಲಿ ಇಳ್ಕೋಬೇಕು ಅಂತ ರೂಲ್ ಮಾಡ್ತು. ಈ ಪಟ್ಟಿಗೆ ರೋಲ್ಲಿ ಅಂತಾರೆ. ಅದರಲ್ಲೂ ದರ್ಜೆ ಇತ್ತು, ಕಾರ್ಡಿನಲ್ಲು ವೈಸ್‌ರಾಯ್ ಥರದೋರಿಗೆ ಒಂದು ಸೈಜಿನ ಮನೆ, ರಾಯಭಾರಿಗಳಿಗೆ ಅದಕ್ಕಿಂತ ಚಿಕ್ಕದು, ಯಾರ ಮನೆ ಅನ್ನೋದು ಚೀಟಿ ಎತ್ತಿ ತೀರ್ಮಾನ. ನಾಳೆ ಯಾವ ದೊರೆ ಬಂದು ಕೂರ್ತಾನೋ ಗೊತ್ತಿಲ್ಲ ಅಂದ್ಮೇಲೆ ಯಾರು ತಾನೇ ಮೆಟ್ಲು, ದೊಡ್ಡ ಹಾಲ್, ಅಂಗಳ ಸಾಧಾರಣವಾಗಿ ಕಟ್ಟಿಸ್ತಾರೆ? ಪೇಂಟರ್ ರೂಬೆನ್ಸ್ ಈ ಊರಿನ ಪ್ಯಾಲೇಸ್‌ಗಳ ಬಗ್ಗೆ 1622ರಲ್ಲಿ ಆಂಟ್‌ವರ್ಪ್‌ನಲ್ಲಿ ಒಂದು ಪುಸ್ತಕಾನೇ ಪ್ರಿಂಟ್ ಮಾಡ್ಸಿದ, ಅದರಲ್ಲೂ ಬರೀ ಮುಂಭಾಗ ಅಲ್ಲ, ಒಳಗಿನ ಪ್ಲಾನ್ ಸಮೇತ. 2006ರಲ್ಲಿ ಯುನೆಸ್ಕೋ ಲಿಸ್ಟಿಗೆ ಸೇರಿದ್ದೂ ಇವೇ, ಒಟ್ಟು 42 ಪ್ಯಾಲೇಸು, ಎಲ್ಲಾ ಈ ರೋಡಲ್ಲೇ ಇಲ್ಲ ಬಿಡಿ, ಊರಲ್ಲಿ ಅಲ್ಲಲ್ಲಿ ಹರಡಿವೆ.

ಈಗ ಟಿಕೆಟ್ ವಿಷಯ. ಈ ರೋಡಲ್ಲಿರೋ ಪಲಾತ್ಸೊ (ಅಂದ್ರೆ ಪ್ಯಾಲೇಸ್) ರೊಸ್ಸೊ, ಪಲಾತ್ಸೊ ಬಿಯಾಂಕೊ, ಪಲಾತ್ಸೊ ತುರ್ಸಿ ಈ ಮೂರಕ್ಕೂ ಸೇರಿ ಒಂದೇ ಮ್ಯೂಸಿಯಂ ಟಿಕೆಟ್, ಸೋಮವಾರ ರಜಾ, ಹೋಗೋ ಮುಂಚೆ ಟೈಮಿಂಗ್ಸ್ ಒಂದ್ಸಲ ಚೆಕ್ ಮಾಡ್ಕೊಳ್ಳಿ. ಟೈಮ್ ಕಮ್ಮಿ ಇದ್ರೆ ನಂಗೆ ಕೇಳಿದ್ರೆ ರೊಸ್ಸೊ ಒಂದೇ ಸರಿಯಾಗಿ ನೋಡಿ. ಇದು ನಿಜವಾಗ್ಲೂ ಬರೋಕ್, 1670ರ ದಶಕದ್ದು, ಬ್ರಿಞೋಲೆ ಸಾಲೆ ಮನೆತನದ್ದು, 1874ರಲ್ಲಿ ಆ ಮನೆಯ ಹೆಣ್ಮಗಳು ಊರಿಗೇ ದಾನ ಕೊಟ್ಟುಬಿಟ್ರು. ಮೇಲಿನ ಮಹಡೀಲಿ ನಾಲ್ಕು ಋತುಗಳ ಹೆಸರಿನ ನಾಲ್ಕು ರೂಮಿದೆ, ವಸಂತ ಗ್ರೀಷ್ಮದ ಸೀಲಿಂಗ್ ಚಿತ್ರ ಬರ್ದಿದ್ದು ಗ್ರೆಗೋರಿಯೊ ದೆ ಫೆರಾರಿ, ಉಳಿದೆರಡು ಅವನ ಮಾವ ದೊಮೆನಿಕೊ ಪಿಯೋಲಾ. ಸೀಲಿಂಗ್ ಅಂಚನ್ನ ನಿಧಾನಕ್ಕೆ ನೋಡಿ, ಎಲ್ಲಿಗೆ ಗಾರೆ ಕೆಲ್ಸ ಮುಗೀತು ಎಲ್ಲಿಂದ ಬಣ್ಣ ಶುರು ಆಯ್ತು ಅಂತ ತಕ್ಷಣ ಗೊತ್ತೇ ಆಗಲ್ಲ, ಬೇಕಂತಲೇ ಹಂಗ್ ಮಾಡಿರೋದು. ಪೇಂಟರ್ ವಾನ್ ಡೈಕ್ ಬರ್ದಿರೋ ಆ ಮನೆಯೋರ ಪೋರ್ಟ್ರೇಟುಗಳೂ ಅಲ್ಲೇ ಇವೆ. ಮೇಲಕ್ಕೆ ಹೋದ್ರೆ ಟೆರೇಸಿಂದ ಇಡೀ ಹಳೇ ಊರಿನ ಸ್ಲೇಟ್ ಛಾವಣಿ, ಹಾರ್ಬರ್ ಎಲ್ಲಾ ಕಾಣುತ್ತೆ.

ದುಡ್ಡು ಖರ್ಚು ಮಾಡೋಕೆ ಇಷ್ಟ ಇಲ್ಲ ಅಂದ್ರೂ ಪರ್ವಾಗಿಲ್ಲ. ತುರ್ಸಿ ಈಗ್ಲೂ ಊರಿನ ಮುನ್ಸಿಪಾಲಿಟಿ ಆಫೀಸು, ವರ್ಕಿಂಗ್ ಡೇಲಿ ಬಾಗಿಲು ತೆರೆದಿರುತ್ತೆ, ಅಂಗಳದ ತನಕ ಹೋಗ್ಬಹುದು. ಬೀದಿಯ ಈ ಸೈಡು ಗುಡ್ಡಕ್ಕೆ ಒರಗಿಕೊಂಡಿದೆ, ಹಂಗಾಗಿ ಬಾಗಿಲಿಂದ ಒಳಗೆ ಹೋದ್ರೆ ಮೆಟ್ಲು, ಮೆಟ್ಲು ಹತ್ತಿದ್ರೆ ಕಂಬಸಾಲಿನ ಅಂಗಳ, ಅದರ ತುದೀಲಿ ಮತ್ತೆ ಎರಡಾಗಿ ಕವಲೊಡೆಯೋ ಮೆಟ್ಲು. ಜಾಗ ಇಳಿಜಾರು ಅನ್ನೋ ಪ್ರಾಬ್ಲಮ್ಮನ್ನೇ ಶೋ ಮಾಡ್ಕೊಂಡಿದಾರೆ. ಇಲ್ಲಿನ ಮ್ಯೂಸಿಯಂ ಭಾಗದಲ್ಲೇ ಹೆಸರಾಂತ ವಯಲಿನ್ ವಾದಕ ಪಗನಿನಿಯ ವಯಲಿನ್ ಇರೋದು, ಗ್ವಾರ್ನೆರಿ ಅನ್ನೋ ಕುಶಲಕರ್ಮಿ 1743ರಲ್ಲಿ ಮಾಡಿದ್ದು. ನಂಬರ್ 7ರ ಲೊಮೆಲ್ಲಿನೊ ಪ್ಯಾಲೇಸ್ ಬಾಗಿಲು ತೆಗೆದಿದ್ರೆ ಇಣುಕಿ ನೋಡಿ, ಅಂಗಳದ ಹಿಂದುಗಡೆ ಗುಹೆ ಥರ ಮಾಡಿರೋ ದೊಡ್ಡ ಕಾರಂಜಿ ಇದೆ. ಉಳಿದವು ಬ್ಯಾಂಕು, ಆಫೀಸು, ಪ್ರೈವೇಟ್ ಮನೆ. ಹಗಲಲ್ಲಿ ಬಾಗಿಲು ತೆಗೆದಿದ್ರೆ ಎಂಟ್ರೆನ್ಸ್ ಹಾಲ್ ತನಕ ಕಾಣುತ್ತೆ, ಅದಕ್ಕಿಂತ ಒಳಗೆ ಹೋಗೋಕೆ ಮಾತ್ರ ಅಲ್ಲಿರೋರನ್ನ ಕೇಳಿ. ಸಂಜೆ ಲೈಟ್ ಹಾಕಿದಾಗ ಎರಡನೇ ಮಹಡಿ ಕಿಟಕಿ ಕಡೆ ನೋಡ್ತಾ ನಡೀರಿ, ಬಣ್ಣದ ಸೀಲಿಂಗ್ ಕಾಣೋ ಚಾನ್ಸ್ ಇದೆ, ಫ್ರೀಯಾಗಿ.

ಡೇಟ್ ಅಡ್ಜಸ್ಟ್ ಮಾಡ್ಕೊಳ್ಳೋಕಾದ್ರೆ ರೋಲ್ಲಿ ಡೇಸ್ ಟೈಮಲ್ಲಿ ಹೋಗಿ. ಸಾಮಾನ್ಯವಾಗಿ ವರ್ಷಕ್ಕೆರಡು ಸಲ, ಬೇಸಿಗೆಗೆ ಮುಂಚೆ ಒಂದು, ಅಕ್ಟೋಬರ್ ಆಸುಪಾಸು ಒಂದು, ಮಾಮೂಲಿ ದಿನ ಮುಚ್ಚಿರೋ ಎಷ್ಟೋ ಮನೆ ಆಗ ತೆಗೀತಾರೆ. ಜನ ಜಾಸ್ತಿ, ಕೆಲವಕ್ಕೆ ಮುಂಚೆನೇ ಬುಕ್ ಮಾಡ್ಬೇಕು.

ಮಿಲಾನಿಂದ ಟ್ರೈನಲ್ಲಿ ಒಂದೂವರೆಯಿಂದ ಎರಡು ಗಂಟೆ. ಪಿಯಾತ್ಸಾ ಪ್ರಿಂಚಿಪೆ ಸ್ಟೇಷನ್ನಲ್ಲಿ ಇಳೀರಿ, ಬಸ್ಸು ಗಿಸ್ಸು ಬೇಡ, ಎದುರಿಗೇ ವಿಯಾ ಬಾಲ್ಬಿ ಶುರು, ಅದೂ ಪ್ಯಾಲೇಸ್ ಬೀದಿನೇ, 1600ರ ದಶಕದ್ದು, ಬರೋಕ್ ಬೇಕು ಅನ್ನೋರಿಗೆ ಇದು ಇನ್ನೂ ಸರಿ. ಅಲ್ಲಿನ ಪಲಾತ್ಸೊ ರಿಯಾಲೆಯ ಕನ್ನಡಿ ಹಾಲ್ ನೋಡ್ಬಹುದು, ಅದಕ್ಕೆ ಬೇರೆ ಟಿಕೆಟ್. ಹಂಗೇ ನಡ್ಕೊಂಡು ಬಂದ್ರೆ ವಿಯಾ ಗರಿಬಾಲ್ಡಿ ಸಿಗುತ್ತೆ. ಮಧ್ಯೆ ಹಸಿವಾದ್ರೆ ಫರಿನಾತಾ ಕೇಳಿ, ಕಡಲೆ ಹಿಟ್ಟು, ಎಣ್ಣೆ, ನೀರು, ಉಪ್ಪು ಅಷ್ಟೇ, ವೆಜ್ ಅವರಿಗೆ ತೊಂದ್ರೆ ಇಲ್ಲ, ಆದ್ರೆ ಕೆಲವು ಕಡೆ ಮೇಲೆ ಮೀನು ಉದುರಿಸಿರೋದೂ ಮಾರ್ತಾರೆ, ಸಾದಾ ಅಂತ ಹೇಳಿ ತಗೊಳ್ಳಿ.